ಒಂದು ಸ್ಟೆಪ್ನಿಯ ತೂಕ

ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಏರು. ಹಳೇ ಕಾರು ಅದನ್ನು ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ ಹೆಂಡತಿ ಕಣ್ಣು ಮುಚ್ಚಿಕೊಂಡೇ, "ಇಳಿದು ತಳ್ಳಲಾ?" ಎನ್ನುತ್ತಿದ್ದಳು. ತೂಕದಯ್ಯನಿಗೆ ನಗು ಬರುತ್ತಿರಲಿಲ್ಲ.

ಮನೆಗೆ ಅಂಟಿಕೊಂಡೇ ಇದ್ದ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷದಿಂದ ಮೂಟೆ ತೂಗುತ್ತ ಬಂದವನಿಗೆ ಊರು ಇಟ್ಟ ಹೆಸರು ಅದು. ಯಂತ್ರದ ಮುಳ್ಳು ನಿಲ್ಲುವ ಮೊದಲೇ ಅವನ ಕೈ ತೂಕ ಹೇಳುತ್ತಿತ್ತು. ಅದೇ ಕೈಗಳಿಂದ ವಾರವಾರವೂ ಹೆಂಡತಿಯನ್ನು ಎತ್ತಿ ಕಾರಿನಲ್ಲಿ ಮಲಗಿಸುವನು. "ಎಷ್ಟಿದೀನಿ?" ಎಂದು ಕೇಳುವಳು. "ಹೋದ ವಾರದಷ್ಟೇ ಇದೀಯ ಕಣೆ," ಎನ್ನುವನು. ಆಸ್ಪತ್ರೆಯವರು ತೂಕ ಬರೆದುಕೊಟ್ಟ ಚೀಟಿ ಅವನ ಜೇಬಿನಿಂದ ಆಚೆ ಬರುತ್ತಲೇ ಇರಲಿಲ್ಲ.

ಒಂದು ಭಾನುವಾರ ಹೆಂಡತಿಯ ತಮ್ಮ ಬಂದ. ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಾನೆಟ್ ಎತ್ತಿ ಬಹಳ ಹೊತ್ತು ಬಗ್ಗಿ ನೋಡಿ, ಕೈ ಒರೆಸಿಕೊಂಡ.

"ಭಾವ, ಇಂಜಿನ್ನಿಗೆ ವಯಸ್ಸಾಯ್ತು. ಹೊರೆ ಇಳಿಸಬಹುದು, ಅಷ್ಟೆ. ಸ್ಟೆಪ್ನಿ ತೆಗೆದಿಡಿ."

"ನಡುದಾರೀಲಿ ಪಂಕ್ಚರ್ ಆದ್ರೆ? ಇವಳನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

"ಇಷ್ಟು ವರ್ಷದಲ್ಲಿ ಎಷ್ಟು ಸಲ ಪಂಕ್ಚರ್ ಆಗಿದೆ, ಹೇಳಿ."

"ಒಂದು ಸಲ."

"ಏರಲ್ಲಿ ನಿಂತಿದ್ದು?"

ತೂಕದಯ್ಯ ಡಿಕ್ಕಿಯ ಕಡೆ ನೋಡಿದ. ಬಾಗಿಲ ಬಳಿ ಕುರ್ಚಿಯಲ್ಲಿದ್ದ ಹೆಂಡತಿ, "ನನ್ನನ್ನೇ ಇಳಿಸಿ ಹೋಗ್ರೋ," ಎಂದಳು.

"ಅಕ್ಕ, ನಿನ್ನ ಬಾಯಿಗೆ ಮಾತ್ರ ಯಾವ ಕಾಯಿಲೇನೂ ತಟ್ಟಿಲ್ಲ ನೋಡು."

ತೂಗದೆ ಯಾವುದನ್ನೂ ತೀರ್ಮಾನಿಸುವ ಅಭ್ಯಾಸ ತೂಕದಯ್ಯನಿಗಿರಲಿಲ್ಲ. ಡಿಕ್ಕಿಯಿಂದ ಸ್ಟೆಪ್ನಿ ಎತ್ತಿ, "ಹದಿನಾರು," ಎನ್ನುತ್ತ ಗಿರಣಿಯ ಯಂತ್ರದ ಮೇಲಿಟ್ಟ. ಮುಳ್ಳು ತೂಗಾಡಿ ಹದಿನಾರಕ್ಕೇ ನಿಂತಿತು.

"ಹಂಗಾದ್ರೆ ನನ್ನನ್ನೂ ತೂಗಿ," ಎಂದು ಹೆಂಡತಿ ಗೋಡೆ ಹಿಡಿದು ಎದ್ದಳು.

ಅವನು ಯಂತ್ರಕ್ಕೆ ಅಡ್ಡ ನಿಂತ. "ಅದು ಮೂಟೆ ತೂಗೋದು ಕಣೆ. ಎಲ್ಲ ಹಿಟ್ಟು ಮೆತ್ತಿದೆ."

"ನಾನೀಗ ಮೂಟೇನೇ ಅಲ್ವಾ. ಎತ್ತಿದ ಕಡೆ ಏಳ್ತೀನಿ, ಇಳಿಸಿದ ಕಡೆ ಇರ್ತೀನಿ."

ತಮ್ಮನ ತೋಳು ಹಿಡಿದು ಹತ್ತಿದಳು. ತಮ್ಮ ಕೈ ಬಿಟ್ಟ. ಮೂವತ್ತೆಂಟು. ಮೂರು ವರ್ಷದ ಹಿಂದೆ ಈ ಯಂತ್ರ ಹೊಸದಾಗಿ ಬಂದ ದಿನ ಮೊದಲು ಅವಳನ್ನೇ ನಿಲ್ಲಿಸಿ ತೂಗಿದ್ದ. ಆಗ ಐವತ್ತನಾಲ್ಕು ಬಂದಿತ್ತು. ಅವಳೂ ಮರೆತಿರಲಿಲ್ಲ. ಬೆರಳು ಮಡಚಿ ಎಣಿಸಿದಳು.

"ಹದಿನಾರು ಕಮ್ಮಿ. ಒಂದು ಸ್ಟೆಪ್ನಿಯಷ್ಟು ನಾನಾಗಲೇ ಇಳಿದಿದೀನಿ. ಆದ್ರೂ ನಿಮ್ಮ ಕಾರು ಏರು ಹತ್ತಲಿಲ್ಲ. ಇನ್ನು ಅದನ್ನ ತೆಗೆದು ಬರೋದೇನು?"

ತಮ್ಮ ತಲೆ ತಗ್ಗಿಸಿ, ಚೊಕ್ಕಟವಾಗಿದ್ದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸಿದ.

"ನಿನ್ನ ಎತ್ತೋವಾಗ ಕೈ ತಪ್ಪಿತೇನೋ..." ಎಂದ ತೂಕದಯ್ಯ.

"ನಿಮ್ಮ ಕೈ ತಪ್ಪಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಊರಲ್ಲಿ ಯಾರಿಗೂ ಸುಳ್ಳು ತೂಕ ಮಾಡಿದೋರಲ್ಲ ನೀವು. ನನಗೊಬ್ಬಳಿಗೇ ಮಾಡಿದ್ರಿ."

ಅವನು ಸ್ಟೆಪ್ನಿಯನ್ನು ಉರುಳಿಸಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟು ತಿರುಪು ಬಿಗಿದ. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದ.

ಮುಂದಿನ ವಾರ ಅವಳನ್ನು ಎತ್ತಿಕೊಂಡಾಗ ಅವಳ ತಲೆ ಅವನ ಎದೆಗೆ ಒರಗಿತ್ತು. "ಎಷ್ಟಿದೀನಿ?"

ಹಳೇ ಉತ್ತರ ನಾಲಿಗೆಯ ತುದಿವರೆಗೂ ಬಂತು. ನುಂಗಿಕೊಂಡ.

"ಮೂವತ್ತೇಳು."

"ಹೂಂ. ಬಾಗಿಲು ನೋಡ್ಕೊಂಡು ಹಾಕಿ. ಹೋದ ಸಲ ಹೊದಿಕೆ ಸಿಕ್ಕಿಕೊಂಡಿತ್ತು."

ಕಾರು ಎಂದಿನ ಜಾಗದಲ್ಲೇ ನಿಂತಿತು. ತಳ್ಳಲಾ ಎಂದು ಅವಳು ಕೇಳಲಿಲ್ಲ. ಅವನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬಾನೆಟ್ ಎತ್ತಿಟ್ಟು ಬಂದು ಹಿಂದಿನ ಬಾಗಿಲು ತೆಗೆದ. ಅವಳ ಕಾಲುಗಳನ್ನು ಮೆಲ್ಲಗೆ ಸರಿಸಿ ತೊಡೆಯ ಮೇಲಿಟ್ಟುಕೊಂಡು, ಇಂಜಿನ್ ತಣ್ಣಗಾಗುವವರೆಗೆ ಅಲ್ಲೇ ಕೂತ.