ತಾರಾಳ ಸೈಕಲ್ಲಿಗೆ ಔಡಲ ಎಣ್ಣೆ

ಹೋಳಿ ಕಳೆದು ಬಿಸಿಲು ಬಲಿತಿತ್ತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದು ವಸತಿ ಸೊಸೈಟಿಯ ಅಂಗಳದಲ್ಲಿ ಬೆಳಗಿನಿಂದ ಹಪ್ಪಳದ ಕೆಲಸ ನಡೆದಿತ್ತು. ಕಾರುಗಳನ್ನೆಲ್ಲ ಗೇಟಿನಾಚೆ ಅಟ್ಟಿ, ಹೆಂಗಸರು ಅಕ್ಕಿಹಿಟ್ಟು ಬೇಯಿಸಿ, ಹಿಡಿಕೆಯಿದ್ದ ಒತ್ತುಮಣೆಯಲ್ಲಿ ಒತ್ತಿ, ಹಳೆಯ ಸೀರೆಗಳ ಮೇಲೆ ಖೀಚಿಯಾ ಹಪ್ಪಳ ಹರವುತ್ತಿದ್ದರು. ನೆಲಮಹಡಿಯ ಪೂರ್ವಿಬೆನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಗೆಗಳಿಗೂ ಸೊಸೆಯಂದಿರಿಗೂ ಒಂದೇ ಕೋಲು ತೋರಿಸುತ್ತಿದ್ದಳು.

ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಭೀಮಸೇನ ಹೆಂಡತಿಯ ಮಡಚುವ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತಿದ್ದ. ಹಿಂದಿನ ಚಕ್ರದ ಅಚ್ಚಿಗೆ ಉತ್ತರಾಯಣ ಹಬ್ಬದ ಗಾಳಿಪಟದ ದಾರ ಸುತ್ತಿಕೊಂಡು ಗಂಟಾಗಿತ್ತು. ಅದನ್ನು ಸೂಜಿಯಿಂದ ಎಳೆಎಳೆಯಾಗಿ ಬಿಡಿಸುತ್ತಿದ್ದ. ಹಳ್ಳಿಯಲ್ಲಿ ಎತ್ತಿನ ಗೊರಸಿಗೆ ಸಿಕ್ಕ ಮುಳ್ಳನ್ನು ಅವನ ಅಪ್ಪ ತೆಗೆಯುತ್ತಿದ್ದುದೂ ಹೀಗೆಯೇ, ಅವಸರವಿಲ್ಲದೆ.

"ಬೆಳಕ ಹರದಾಗಿಂದ ಅದರ ಹೊಟ್ಟಿ ಬಗದು ಕುಂತೀರಿ," ಎಂದಳು ತಾರಾ, ಚಹಾ ಕೆಳಗಿಡುತ್ತ. "ಅದು ನಂದು. ನಾ ನೋಡ್ಕೋತೀನಿ."

"ನಿಂದs, ಯಾರು ಇಲ್ಲ ಅಂದ್ರು? ಆದ್ರ ಹತ್ತೋದು ಬ್ಯಾರೆ, ಸಾಕೋದು ಬ್ಯಾರೆ."

ಇಪ್ಪತ್ತೈದು ವರ್ಷ ತಾರಾ ಅವನ ಸ್ಕೂಟರಿನ ಹಿಂದೆ ಕೂತವಳು. ಅವನು ನಿಲ್ಲಿಸಿದಲ್ಲಿ ಇಳಿದು, ಹೊರಡು ಎಂದಾಗ ಹತ್ತಿ, ನಡುವೆ ಮುಂದಿನ ಗಾಡಿಯವನಿಗೆ ಅವನು ಬೈಯುವುದನ್ನೆಲ್ಲ ಕೇಳಿಸಿಕೊಂಡವಳು. ಹೋದ ದೀಪಾವಳಿಗೆ ಈ ಸಣ್ಣ ಚಕ್ರದ ಸೈಕಲ್ ತಂದ ಮೇಲೆ ಭಾನುವಾರಗಳು ಅವಳವಾದವು. ನಡುಮಧ್ಯದ ಕೀಲು ಮಡಚಿದರೆ ಲಿಫ್ಟಿನಲ್ಲಿ ಹಿಡಿಯುತ್ತಿತ್ತು. ವಸ್ತ್ರಾಪುರದ ಕೆರೆಗೆ ಹೋಗುವಳು, ಗೆಳತಿ ಪಾರ್ವತಿಯ ಜೊತೆ ಖಮಣ್ ತಿನ್ನುವಳು, ಮನಸ್ಸು ಬಂದಾಗ ಮರಳುವಳು. ಎಲ್ಲಿಗೆ, ಯಾಕೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಭೀಮಸೇನನಿಗೆ ಇದು ಸಹಿಸಲು ಕಷ್ಟವಾಗಿ, ಕನಿಷ್ಠ ಎಣ್ಣೆ ಹಾಕುವ ಅಧಿಕಾರವನ್ನಾದರೂ ಇಟ್ಟುಕೊಂಡಿದ್ದ.

ಎಣ್ಣೆಯೆಂದರೆ ಅಂಗಡಿಯ ಸೈಕಲ್ ಎಣ್ಣೆಯಲ್ಲ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಅವನ ಊರು ಗದಗಿನ ಹತ್ತಿರ. ಚಕ್ಕಡಿ ಕಿರ್ರೆಂದರೆ ಊರ ಮಂದಿ ಕಟ್ಟೆಯ ಮೇಲಿಂದ ನಗುತ್ತಿದ್ದರು; ಅಪ್ಪ ಕೂಡಲೇ ಇಳಿದು, ನೊಗಕ್ಕೆ ಕಟ್ಟಿದ ಬಿದಿರ ಕೊಳವೆಯಿಂದ ಅಚ್ಚಿಗೆ ಔಡಲ ಎಣ್ಣೆ ಬಿಡುತ್ತಿದ್ದ. ಆ ಮನೆಯಲ್ಲಿ ಬೆಳೆದವನಿಗೆ ಸದ್ದು ಎಂದರೆ ಬಾಯಾರಿಕೆ. ಗುಜರಾತಿನಲ್ಲಿ ಅದೇ ಎಣ್ಣೆ ದಿವೇಲ್ ಎಂಬ ಹೆಸರಿನಲ್ಲಿ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿದ್ದುದು ಅವನಿಗೆ ವರ್ಗಾವಣೆಯ ಒಂದೇ ಸುಖ.

ದಾರ ಬಿಡಿಸಿಯಾಯಿತು. ಚೈನಿಗೆ ಹಾಕಿದ, ಮಡಚುವ ಕೀಲಿಗೆ ಹಾಕಿದ. ಚಕ್ರ ತಿರುಗಿಸಿ ಬ್ರೇಕ್ ಹಿಡಿದ. ಕೀಚ್ ಎಂದಿತು.

"ಅಯ್ಯ, ಇನ್ನೂ ಅಳಾಕತ್ತೈತಿ," ಎಂದು ಭೀಮಸೇನ ಎರಡೂ ಚಕ್ರಗಳ ಬ್ರೇಕಿನ ರಬ್ಬರಿಗೂ ರಿಮ್ಮಿಗೂ ಧಾರಾಳವಾಗಿ ಎಣ್ಣೆ ಸವರಿದ. ಮತ್ತೆ ಹಿಡಿದ. ಸದ್ದಿಲ್ಲ. ತೃಪ್ತಿಯಿಂದ ಆರಿದ ಚಹಾ ಕುಡಿದ.

ತಾರಾ ಸೈಕಲ್ ಮಡಚಿಕೊಂಡು ಕೆಳಗಿಳಿದಳು. ಲಿಫ್ಟಿನ ಬಾಗಿಲಿಂದ ಅಂಗಳಕ್ಕೆ ಒಂದು ಇಳಿಜಾರು. ಅಲ್ಲಿ ಸೈಕಲ್ ಬಿಚ್ಚಿ, ಕೊಂಡಿ ಹಾಕಿ, ಹತ್ತಿ ಕೂತಳು. ಇಳಿಜಾರಿನ ನಡುವೆ ಬ್ರೇಕ್ ಹಿಡಿದಳು. ಸೈಕಲ್ ಕಿಂಚಿತ್ತೂ ಸದ್ದು ಮಾಡಲಿಲ್ಲ, ನಿಲ್ಲಲೂ ಇಲ್ಲ. ಒಂದು ಸೀರೆಯ ಹಪ್ಪಳ ದಾಟಿತು, ಎರಡನೆಯದನ್ನು ಚಕ್ರಕ್ಕೆ ಸುತ್ತಿಕೊಂಡಿತು, ಆರಲು ಇಟ್ಟಿದ್ದ ಹಿಟ್ಟಿನ ಕೊಪ್ಪರಿಗೆಗೆ ಢಣ್ಣನೆ ಬಡಿದು ಅದನ್ನೂ ತಾರಾಳನ್ನೂ ಉರುಳಿಸಿತು. ಕಾಗೆಗಳು ಎದ್ದವು. ಪೂರ್ವಿಬೆನ್ ಕೋಲು ಎತ್ತಿದವಳು ಯಾರಿಗೆ ತೋರಿಸಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದಳು.

ಭೀಮಸೇನ ಮೆಟ್ಟಿಲಿಳಿದು ಓಡಿಬಂದ. ತಾರಾಳ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅಷ್ಟು ಖಾತ್ರಿಯಾದದ್ದೇ ಅವನ ಒಳಗಿನ ಕಚೇರಿ ತೆರೆಯಿತು. ವಿಮಾ ಕಂಪನಿಯಲ್ಲಿ ವಾಹನ ಅಪಘಾತದ ಅರ್ಜಿಗಳನ್ನು ಪರಿಶೀಲಿಸಿ ತಳ್ಳಿಹಾಕುವುದು ಅವನ ಉದ್ಯೋಗ. ಮೊಬೈಲ್ ತೆಗೆದು ನಾಲ್ಕೂ ದಿಕ್ಕಿನಿಂದ ಫೋಟೋ ಹೊಡೆದ.

"ಸ್ಪೀಡ್ ಎಷ್ಟಿತ್ತು?"

"ಬೀಳೂ ಮುಂದ ನೋಡಲಿಲ್ರಿ," ಎಂದಳು ತಾರಾ, ಕೂದಲಿನ ಹಿಟ್ಟು ತೆಗೆಯುತ್ತ.

"ಲಕ್ಷ್ಯ ಎಲ್ಲಿತ್ತು?"

"ಹಪ್ಪಳದಾಗ."

"ಆತು. ಚಾಲಕರ ನಿರ್ಲಕ್ಷ್ಯ. ಇನ್ನ ಮ್ಯಾಲೆ ಸೈಕಲ್ ಬಂದ್. ಕೆರಿಗೆ ಹೋಗೂದಿದ್ರ ನಾ ಸ್ಕೂಟರ್ ಮ್ಯಾಲೆ ಬಿಡ್ತೀನಿ, ನಾನs ಕರಕೊಂಡು ಬರ್ತೀನಿ."

ತಾರಾಳ ಕೈ ಕೂದಲಲ್ಲೇ ನಿಂತಿತು. ಬಿದ್ದಾಗ ಕಾಣದ ಹೆದರಿಕೆ ಈಗ ಅವಳ ಮುಖದಲ್ಲಿ ಕಂಡಿತು. ಬಗ್ಗಿ ರಿಮ್ಮಿನ ಮೇಲೆ ಬೆರಳು ಎಳೆದಳು. ಮೂಸಿದಳು. ಆಮೇಲೆ ಆ ಬೆರಳನ್ನು ಗಂಡನ ಮೂಗಿನಡಿ ಹಿಡಿದಳು.

"ಇದರ ಫೋಟೋನೂ ಹೊಡೀರಿ."

ಭೀಮಸೇನ ಮೂಸಿದ. ಅದು ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಅದು... ಸದ್ದು ಬರ್ತಿತ್ತು."

ಮೇಲಿನಿಂದ ಇಳಿದು ಬಂದಿದ್ದ ಮಗಳು ವರ್ಷಿಣಿ ಹಣೆ ಚಚ್ಚಿಕೊಂಡಳು. ಈ ಊರಲ್ಲೇ ಬೆಳೆದ ಅವಳ ಕನ್ನಡ ಅರ್ಧ ದಾರಿಯಲ್ಲಿ ಇಳಿದುಬಿಡುತ್ತಿತ್ತು. "ಅಪ್ಪಾ, ಬ್ರೇಕಿಗೆ ಎಣ್ಣೆ ಕೌನ್ ಹಾಕ್ತಾರೆ ಯಾರ್!"

"ಹೇಳ್ರಿ ಈಗ, ತಪ್ಪು ಯಾರದು?" ಎಂದಳು ತಾರಾ. "ಒಂದs ಮಾತು. ತಪ್ಪು ನಂದು ಅನ್ರಿ, ಸಾಕು."

ಭೀಮಸೇನ ಗಂಟಲು ಸರಿಮಾಡಿಕೊಂಡ. "ಎರಡೂ ಕಡೆ ಸ್ವಲ್ಪ ಸ್ವಲ್ಪ..."

"ಅರೇ, ತಪ್ಪು ಗಿಪ್ಪು ಮನೆಗೆ ಹೋಗಿ ಹಂಚ್ಕೊಳ್ಳಿ!" ಪೂರ್ವಿಬೆನ್ ಗುಜರಾತಿಯಲ್ಲಿ ಗುಡುಗಿದಳು. "ನನ್ನ ಒಂದು ಕೊಪ್ಪರಿಗೆ ಹಿಟ್ಟು ಹೋಯ್ತು. ಇನ್ನೊಂದು ಬೇಯುತ್ತೆ. ಒತ್ತೋರು ಯಾರು? ಭೀಮಸೇನ್‌ಭಾಯಿ, ಕೂತ್ಕೊ."

ಯಾವ ಅರ್ಜಿದಾರನಿಗೂ ಬಗ್ಗದವನು ಕೂತ. ಮಣೆಯ ಹಿಡಿಕೆ ಒತ್ತಿದಂತೆಲ್ಲ ಹಪ್ಪಳಗಳು ಬಂದವು, ಒಂದೂ ದುಂಡಗಿರಲಿಲ್ಲ. ಕಿರಿಯ ಸೊಸೆ ಒಂದೊಂದನ್ನೇ ಎತ್ತಿ ನಕಾಶೆಯಂತೆ ಬೆಳಕಿಗೆ ಹಿಡಿದು, "ಇದು ಸೌರಾಷ್ಟ್ರ, ಇದು ಕಚ್ಛ್" ಎಂದಳು. ಹೆಂಗಸರೆಲ್ಲ ನಕ್ಕರು. ಭೀಮಸೇನ ನಗಲಿಲ್ಲ, ಏಳಲೂ ಇಲ್ಲ.

ಅತ್ತ ತಾರಾ ನಲ್ಲಿಯ ಬಳಿ ಸೈಕಲ್ ಮಲಗಿಸಿ, ಜಿಡ್ಡಿನ ಬಾಣಲೆ ತಿಕ್ಕುವ ಪುಡಿಯಿಂದ ರಿಮ್ಮುಗಳನ್ನು ಉಜ್ಜಿದಳು. ಎಣ್ಣೆ ಕುಡಿದ ರಬ್ಬರುಗಳನ್ನು ಬಿಚ್ಚಿ ಎಸೆದಳು. ವರ್ಷಿಣಿ ಸೈಕಲ್ ಅಂಗಡಿಯಿಂದ ಹೊಸವನ್ನು ತಂದಳು. ಒಮ್ಮೆ ತಿರುಗುಮುರುಗಾಗಿ ಕೂರಿಸಿ, ತಾನೇ ಬೈದುಕೊಂಡು, ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿದಳು ತಾರಾ. ಭೀಮಸೇನ ದೂರದಿಂದಲೇ, "ನಟ್ಟು ಎಡಕ್ಕ..." ಎಂದ. ಅವಳು ತಿರುಗಿ ನೋಡಲಿಲ್ಲ. ಅವನು ಮುಂದಿನ ಉಂಡೆಯನ್ನು ಮಣೆಯಲ್ಲಿಟ್ಟ.

ಹೊತ್ತು ಇಳಿಯುವಾಗ ಅವಳು ಸೈಕಲ್ಲನ್ನು ಇಳಿಜಾರಿನ ಮೇಲಕ್ಕೆ ಒಯ್ದು ಹತ್ತಿದಳು. ಹೆಂಗಸರು ಸೀರೆಗಳನ್ನು ಎಳೆದುಕೊಂಡರು. ನಡುವೆ ಬ್ರೇಕ್ ಹಿಡಿದಳು, ಸೈಕಲ್ ನಿಂತಿತು. ನಿಂತಲ್ಲಿ ಒಂದು ಕಾಲೂರಿ ಗಂಡನತ್ತ ನೋಡಿದಳು.

"ಹೂಂ, ಈಗರೆ ಅನ್ರಿ, ತಪ್ಪು ನಂದು ಅಂತ."

ಹಿಟ್ಟು ಮೆತ್ತಿದ ಕೈಯಲ್ಲಿ ಭೀಮಸೇನ ಬಾಯಿ ತೆರೆದ. "ಗಾಳಿ ಸ್ವಲ್ಪ ಕಡಿಮಿ ಐತಿ," ಎಂದ.

"ಕಡಿಮಿ ಇದ್ರ ನಾನs ಹೊಡ್ಕೋತೀನಿ," ಎಂದು ತಾರಾ ಪೆಡಲ್ ತುಳಿದು ಗೇಟು ದಾಟಿದಳು.

ಪೂರ್ವಿಬೆನ್ ಕೊಪ್ಪರಿಗೆ ಬಗ್ಗಿಸಿ ತೋರಿಸಿದಳು, ಬರಿದಾಗಿತ್ತು. "ನನ್ನ ಬಾಕಿ ತೀರಿತು, ಭಾಯಿ. ಅವಳದ್ದು?"

ಭೀಮಸೇನ ಮಣೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ, ಯಾರೂ ಕೇಳದಿದ್ದರೂ ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದ.