ಮರಿಯಮ್ಮನ ಮೊದಲ ಪ್ರಾರ್ಥನೆ

ಆ ವಾರದ ಮನೆಪ್ರಾರ್ಥನೆ ಮರಿಯಮ್ಮನ ಮನೆಯಲ್ಲಿ. ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯ ಸಣ್ಣ ಕೋಣೆ. ಚರ್ಚಿನ ಸಭೆಯವರೆಲ್ಲ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಗೋಡೆಯಲ್ಲಿ ಮೋಹಿತನ ಫೋಟೊ, ಹೋದ ವರ್ಷ ಜ್ವರ ಬಂದು ತೀರಿಕೊಂಡ ಮರಿಯಮ್ಮನ ಮಗ. ಅದರ ಕೆಳಗೆ ಅವನ ಅಕ್ಕ ಧನ್ಯಶ್ರೀ ಕೂತಿದ್ದಳು.

ಸುಪ್ರಿಯಾ ಮೂಡಿಗೆರೆಯಿಂದ ಜೀಪು ಹತ್ತಿ ಬಂದಿದ್ದಳು. ಸಭೆಯ ಹದಿಹರೆಯದ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಅವಳದು. ಮಕ್ಕಳ ಜೊತೆ ಮನೆಯವರೂ ನಡೆಯದಿದ್ದರೆ ಎಲ್ಲ ವ್ಯರ್ಥ ಎಂದು ಅವಳು ನಂಬಿದ್ದಳು.

ಹಿಂದಿನ ಭಾನುವಾರ ಕ್ಲಾಸು ಮುಗಿದ ಮೇಲೆ ಚಾಪೆ ಸುತ್ತುತ್ತಾ ಧನ್ಯಶ್ರೀ ಅವಳಿಗೆ ಹೇಳಿದ್ದಳು: "ಅಕ್ಕಾ, ಕಣ್ಣು ಮುಚ್ಚಿದ್ರೆ ನಂಗೆ ಯಾರೂ ಕಾಣಲ್ಲ. ಮೋಹಿತ್‌ಗೆ ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ? ಅವತ್ತಿಂದ ಬರೀ ತುಟಿ ಆಡಿಸ್ತೀನಿ. ಅಮ್ಮಂಗೆ ಹೇಳ್ಬೇಡಿ, ತಡ್ಕೊಳಲ್ಲ."

"ನನ್ನತ್ರ ಹೇಳಿದ್ಯಲ್ಲ ಮಾರಾಯ್ತಿ, ಅದೂ ಪ್ರಾರ್ಥನೆನೇ."

"ಹಾಗಾದ್ರೆ ದಿನಾ ನಿಮ್ಗೇ ಫೋನ್ ಮಾಡ್ತೀನಿ. ಮೇಲಿನವ್ರ ಲೈನ್ ಯಾವಾಗ್ಲೂ ಬ್ಯುಸಿ."

ಇಬ್ಬರೂ ನಕ್ಕಿದ್ದರು. ಹೇಳುವುದಿಲ್ಲ ಎಂದು ಸುಪ್ರಿಯಾ ಮಾತು ಕೊಟ್ಟಿರಲಿಲ್ಲ. ಆ ನಗುವನ್ನೇ ಹುಡುಗಿ ಮಾತೆಂದುಕೊಂಡಿದ್ದಳು.

ಆಮೇಲೆ ಸಂತೆಯಲ್ಲಿ ಮರಿಯಮ್ಮ ಸಿಕ್ಕಾಗ ಸುಪ್ರಿಯಾ ಎಲ್ಲವನ್ನೂ ಹೇಳಿದ್ದಳು. "ಬೈಬೇಡಿ. ಅವಳ ಜೊತೆಗಿರಿ. ಅವಳಿಗಾಗಿ ಪ್ರಾರ್ಥನೆ ಮಾಡಿ."

ಈಗ ಪ್ರಾರ್ಥನೆ ಒಬ್ಬರಿಂದ ಒಬ್ಬರಿಗೆ ಸುತ್ತಿ ಬಂತು. ಮರಿಯಮ್ಮ ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ತನ್ನ ಸರದಿ ಬಂದರೆ ಪಕ್ಕದ ಗಂಡನನ್ನು ಮೆಲ್ಲಗೆ ತಿವಿದು ದಾಟಿಸಿಬಿಡುತ್ತಿದ್ದಳು. ಇವತ್ತು ತಿವಿಯಲಿಲ್ಲ.

"ಯೇಸಪ್ಪಾ, ನಂಗೆ ಮಾತಾಡಕ್ಕೆ ಬರಲ್ಲ. ನನ್ ಮಗಳ ಮೇಲೆ ಸಿಟ್ಟು ಮಾಡ್ಕೋಬೇಡ. ಕಣ್ಣು ಮುಚ್ಚಿದ್ರೆ ಯಾರೂ ಕಾಣಲ್ಲ ಅಂತಾಳಂತೆ. ತಮ್ಮ ಹೋದಾಗಿಂದ ಬರೀ ತುಟಿ ಆಡಿಸ್ತಾಳಂತೆ. ಒಬ್ಬನ್ನ ಕರ್ಕೊಂಡಿದೀಯ, ಇವಳನ್ನಾದ್ರೂ ನಂಗೆ ಬಿಡಪ್ಪಾ..."

ಪ್ರಾರ್ಥನೆಯನ್ನು ಯಾರೂ ನಡುವೆ ತಡೆಯುವುದಿಲ್ಲ. "ಹೌದು ಕರ್ತನೇ" ಎಂದು ಸುತ್ತಲಿಂದ ದನಿ ಕೂಡುತ್ತಿತ್ತು. ಪಕ್ಕದಲ್ಲೇ ಇದ್ದ ಮರಿಯಮ್ಮನ ಕೈಯನ್ನು ಒಮ್ಮೆ ಅದುಮಿದ್ದರೆ ಸಾಕಿತ್ತು, ನಿಲ್ಲಿಸುತ್ತಿದ್ದಳು; ಸುಪ್ರಿಯಾ ಅದುಮಲಿಲ್ಲ. ಕಣ್ಣು ತೆರೆದಳು. ಕೋಣೆಯಲ್ಲಿ ತೆರೆದಿದ್ದ ಇನ್ನೆರಡು ಕಣ್ಣು ಧನ್ಯಶ್ರೀಯವು. ಅವು ತಾಯಿಯನ್ನಲ್ಲ, ಸುಪ್ರಿಯಾಳನ್ನು ನೋಡುತ್ತಿದ್ದವು.

ಯಾರೋ ಹಿರಿಯರು ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ಅವಳು ತಲೆ ತಗ್ಗಿಸಿ ಕೊಟ್ಟಳು. ಕೊನೆಗೆ ಎಲ್ಲರೂ ಆಮೆನ್ ಎಂದಾಗ ಅವಳ ದನಿಯೇ ದೊಡ್ಡದಿತ್ತು.

ಕಾಫಿ ಕೊಡುವಾಗ ಮರಿಯಮ್ಮನ ಮುಖ ಹೊರೆ ಇಳಿಸಿದವರ ಮುಖದಂತಿತ್ತು. ಮಗ ಹೋದ ಮೇಲೆ ಆ ಮುಖವನ್ನು ಸುಪ್ರಿಯಾ ಹಾಗೆ ಕಂಡೇ ಇರಲಿಲ್ಲ.

"ಸರಿ ಮಾಡಿದ್ನಾ ಸಿಸ್ಟರ್? ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ."

"ಸರಿ ಮಾಡಿದ್ರಿ," ಎಂದಳು ಸುಪ್ರಿಯಾ.

ಹೊರಡುವಾಗ ಬಾಗಿಲ ಬಳಿ ನಿಂತು, "ಧನ್ಯಾ, ಸ್ವಲ್ಪ ಮಾತಾಡೋಣ," ಎಂದಳು.

"ಎಂತ ಮಾತು ಸಿಸ್ಟರ್?" ಇಷ್ಟು ವರ್ಷ ಅವಳಿಗೆ ಸುಪ್ರಿಯಾ ಅಕ್ಕನಾಗಿದ್ದಳು. "ಈಗೆಲ್ಲ ಸರಿಯಾಗಿದೆ. ಕಣ್ಣು ಮುಚ್ಚಿದ್ರೆ ದೇವ್ರು ಕಾಣ್ತಾನೆ."

ಸುಪ್ರಿಯಾಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ಮರ್ಯಾದೆಯಿಂದ ನಕ್ಕು, ಒಳಗೆ ಹೋದಳು.