ಪಾದ ಸಹಿತ

ನನ್ನ ಗಂಡ ಸಿದ್ದಾರೂಢ ಇಷ್ಟು ವರ್ಷ ಕ್ಯಾಮೆರಾ ಹಿಡಿದರೂ ಫೋಟೋದಲ್ಲಿ ಒಬ್ಬರ ಕಾಲನ್ನೂ ಕತ್ತರಿಸಿದವರಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಅವರೇ ಹೇಳಿಕೊಳ್ಳುತ್ತಾರೆ.

ಪುಣೆಯ ಧನಕವಡಿಯ ನಮ್ಮ ಭಜನಾ ಮಂಡಳಿಯವರು ವರ್ಷಕ್ಕೊಮ್ಮೆ ಮಿನಿ ಬಸ್ ಮಾಡಿಕೊಂಡು ಪ್ರವಾಸ ಹೋಗುತ್ತೇವೆ. ಹೆಚ್ಚುಕಡಿಮೆ ಎಲ್ಲರೂ ವಿಜಾಪುರದ ಕಡೆಯವರು. ಇಡೀ ಬಸ್ಸಿಗೆ ಒಂದೇ ಕ್ಯಾಮೆರಾ, ಅದು ನಮ್ಮವರದು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವ ಮನುಷ್ಯ, ವರ್ಷವಿಡೀ ಯಾರಿಗೂ ಎದುರು ಮಾತಾಡುವವರಲ್ಲ. ಕ್ಯಾಮೆರಾ ಕೊರಳಿಗೆ ಬಿತ್ತೆಂದರೆ ಮಾತ್ರ ಫೌಜದಾರ. ಸೂರ್ಯ ತೆಗೆಯುವವನ ಬೆನ್ನಿಗಿರಬೇಕು. ಯಾರೂ ಯಾರ ಹಿಂದೆಯೂ ನಿಲ್ಲಬಾರದು. ಹಲ್ಲು ಕಾಣಬಾರದು. ಬಾಯಲ್ಲಿ ಶೇಂಗಾ ಇದ್ದವರು ನುಂಗಬೇಕು. ನೋಡಲು ಹೋದ ಗುಡಿಯಾಗಲಿ ಕೋಟೆಯಾಗಲಿ ಕಳಸದ ತುದಿಯವರೆಗೂ ಬರಬೇಕು. ಎಲ್ಲಕ್ಕಿಂತ ಮೇಲಾಗಿ, ಎಲ್ಲರ ಪಾದವೂ ಬರಬೇಕು.

ಈ ಪಾದದ ಹುಚ್ಚು ಹಚ್ಚಿದ್ದು ಅವರ ಅಜ್ಜಿ ಮಾನಮ್ಮ. ನಮ್ಮವರು ಮೊದಲ ಸಲ ಕ್ಯಾಮೆರಾ ಹಿಡಿದಾಗ ಊರ ಮಠದ ಸ್ವಾಮಿಗಳ ಫೋಟೋ ತೆಗೆದು ಅಜ್ಜಿಗೆ ಒಯ್ದು ಕೊಟ್ಟರಂತೆ. ಸೊಂಟದವರೆಗಷ್ಟೇ ಬಂದಿತ್ತು. ಅಜ್ಜಿ ಫೋಟೋವನ್ನು ಹೊರಳಿಸಿ ಹಿಂಬದಿಯನ್ನೂ ನೋಡಿ, "ಪಾದ ಎಲ್ಲಿ ಅದಾವಪಾ? ನಾ ಯಾವುದಕ್ಕ ಹಣಿ ಹಚ್ಚಲಿ?" ಎಂದಳಂತೆ. ಆ ಒಂದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದಿನಿಂದ ನಮ್ಮವರು ಫೋಟೋ ತೆಗೆಯುವಾಗ ಹಿಂದಕ್ಕೆ ನಡೆಯುವುದನ್ನು ಕಲಿತರು. ನಾವು ಸಾಲಾಗಿ ನಿಂತಿರುತ್ತೇವೆ, ಅವರು ಹಿಂದೆ ಹಿಂದೆ ಹೋಗುತ್ತಾರೆ. ಕೊನೆಗೆ ಅವರ ದನಿಯೂ ಕೇಳಿಸುವುದಿಲ್ಲ, ಕೈ ಎತ್ತಿದರೆ ಮುಗಿಯಿತೆಂದು ಅರ್ಥ.

ಗೋಲಗುಂಬಜಿನ ಮುಂದೆ ತೆಗೆದ ಫೋಟೋದಲ್ಲಿ ಗುಂಬಜ್ ಪೂರ್ತಿ ಇದೆ. ಅದರ ಬುಡದಲ್ಲಿ ನಾವು, ಪಾದ ಸಹಿತ, ಸಾಸಿವೆ ಕಾಳಿನಷ್ಟು. ಹಸಿರು ಕಾಳು ನಾನು. ಹೆಂಗಸರು ಸೀರೆಯ ಬಣ್ಣದ ಮೇಲೆ ತಮ್ಮನ್ನು ತಾವು ಗುರುತು ಹಿಡಿದುಕೊಳ್ಳುತ್ತಿದ್ದರು. ಗಂಡಸರಿಗೆ ಆ ಅನುಕೂಲ ಇರಲಿಲ್ಲ, ಎಲ್ಲರದೂ ಬಿಳಿ ಅಂಗಿ. ಆದರೂ ಯಾರೂ ಗೊಣಗಲಿಲ್ಲ. ಊರಿಂದ ಬಂದವರಿಗೆ ಆಲ್ಬಮ್ ತೋರಿಸಿ, ಬೆರಳಿಟ್ಟು, "ಇವ ನಾನು" ಅನ್ನುತ್ತಿದ್ದರು. ನೋಡಿದವರು ನಂಬುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಶ್ರಾವಣದಲ್ಲಿ ಈರಣ್ಣನವರು ತೀರಿಕೊಂಡರು. ನಮ್ಮ ಗಲ್ಲಿಯ ಮೂಲೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದರು, ಕೂತಲ್ಲೇ ಹೋದರು. ಶಿವಗಣಾರಾಧನೆಯ ಹೊತ್ತಿಗೆ ಹಾರ ಹಾಕಲು ಒಂದು ಫೋಟೋ ಬೇಕಾಯಿತು. ಅವರ ಹೆಂಡತಿ ಗೌರಾಬಾಯಿ ಟ್ರಂಕು ತೆಗೆದು ಹುಡುಕಿದರು. ಮದುವೆಯ ಫೋಟೋದಲ್ಲಿ ಬಾಸಿಂಗದ ಹಿಂದೆ ಈರಣ್ಣನವರ ಗದ್ದವಷ್ಟೇ ಕಾಣುತ್ತಿತ್ತು. ಗುರುತಿನ ಚೀಟಿ ಪ್ಯಾಂಟಿನ ಜೇಬಿನಲ್ಲೇ ಉಳಿದು ಎರಡು ಸಲ ತೊಳೆದುಹೋಗಿತ್ತು. ಸ್ಟುಡಿಯೋ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಇನ್ನುಳಿದದ್ದು ನಮ್ಮವರು ತೆಗೆದ ಪ್ರವಾಸದ ಫೋಟೋಗಳು.

ಆಲ್ಬಮ್ ಹೊತ್ತುಕೊಂಡು ನಾವು ಕಾತ್ರಜದ ಸ್ಟುಡಿಯೋಕ್ಕೆ ಹೋದೆವು. ಅದರ ಮಾಲಕರು ಹರಿಶ್ಚಂದ್ರ, ಮಂಗಳೂರಿನ ಕಡೆಯವರು. ಕನ್ನಡಕ ಹಣೆಗೇರಿಸಿ, ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದರಲ್ಲಿ ಅವರು ಯಾರು ಮಾರಾಯ್ರೇ?"

"ಎಡಗಡಿಂದ ಮೂರನೇದವರ್ರಿ," ಎಂದ ನಮ್ಮ ಮಂಡಳಿಯ ಮಾಂತು.

"ಅಂವ ನೀನೋ," ಎಂದರು ನಮ್ಮವರು. "ಈರಣ್ಣಾರು ಐದನೇದವರು."

ಗೌರಾಬಾಯಿ ಕನ್ನಡಿಯಲ್ಲಿ ನೋಡಿ, "ಬಗಲಾಗ ಚೀಲ ಹಿಡಕೊಂಡಾರಲ್ಲ, ಅವರು. ಅದು ನನ್ನ ಚೀಲ. ನಾನ ಹಿಡಕೊಳ್ರಿ ಅಂದಿದ್ದೆ," ಎಂದರು.

ಚೀಲದ ಆಧಾರದ ಮೇಲೆ ಈರಣ್ಣನವರು ಗೊತ್ತಾದರು. ಆದರೆ ದೊಡ್ಡದು ಮಾಡಿದಷ್ಟೂ ಅವರು ದೂರ ಹೋದರು. ಮುಖದ ಜಾಗದಲ್ಲಿ ನೆನೆದ ಅವಲಕ್ಕಿಯ ಹಾಗೆ ಏನೋ ಬಂತು. ಕುಂಚದಿಂದ ತಿದ್ದುತ್ತೇನೆ, ಹೇಗಿದ್ದರು ಹೇಳಿ ಎಂದು ಹರಿಶ್ಚಂದ್ರರು ಕೇಳಿದರು. ಮಾಂತು ದಪ್ಪ ಮೀಸೆ ಅಂದ. ನಮ್ಮವರು ಸಣ್ಣ ಮೀಸೆ ಅಂದರು. ಮೂಗಿನ ವಿಷಯದಲ್ಲಿ ನಾನೂ ಒಂದು ಮಾತು ಹೇಳಿದೆ, ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಪ್ರತಿ ವರ್ಷ ಒಂದೇ ಬಸ್ಸಿನಲ್ಲಿ ಒಂದೇ ಡಬ್ಬಿಯ ಚಟ್ನಿ ತಿಂದವರು ನಾವು. ಗೌರಾಬಾಯಿಯವರನ್ನೇ ಕೇಳಿದಾಗ, "ಬಾಯಿಲೆ ಹೇಳಾಕ ಬರವಲ್ದು. ಕಣ್ಣು ಮುಚ್ಚಿದ್ರ ಕಾಣಸ್ತಾರ," ಎಂದರು.

ಬಂದ ಫೋಟೋದಲ್ಲಿ ಇದ್ದವರು ಯಾವುದೋ ಬ್ಯಾಂಕಿನ ಮ್ಯಾನೇಜರ್ ತರಹದ ಮನುಷ್ಯ. ಅಗಲವಾದ ಹಣೆ, ಮಧ್ಯಮ ಗಾತ್ರದ ಮೀಸೆ. ಗೌರಾಬಾಯಿ ವಿಭೂತಿ ಹಚ್ಚಿ ಹಾರ ಹಾಕಿ, ಹಿಂದೆ ಸರಿದು ನೋಡಿದರು. "ಇವರೂ ಛಲೋ ಮನಶ್ಯಾರ ಕಾಣಸ್ತಾರ," ಎಂದರು. ನಾವೆಲ್ಲ ಹೌದ್ರಿ ಅಂದೆವು.

ದಸರೆಯ ಮುಂದೆ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಶಾವಿಗೆ ಕಟ್ಟಿಡಲು ಕೂತಿದ್ದೆ. ಗೌರಾಬಾಯಿ ಗೋಡೆಯ ಕಡೆ ನೋಡಿದರು.

"ಶೈಲಶ್ರೀ, ಈಗ ಕಣ್ಣು ಮುಚ್ಚಿದ್ರೂ ಈ ಗ್ವಾಡಿ ಮ್ಯಾಲಿನವರ ಬರ್ತಾರವಾ. ನಮ್ಮವರು ಬರವಲ್ರು."

ಅಳಲಿಲ್ಲ, ಶಾವಿಗೆ ಕಟ್ಟುತ್ತಲೇ ಹೇಳಿದರು. ನನಗೆ ಅಲ್ಲಿ ಕೂಡಲಾಗಲಿಲ್ಲ. ಮನೆಗೆ ಬಂದವಳೇ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಹರಡಿ ನನ್ನ ಗಂಡನನ್ನು ಹುಡುಕಿದೆ. ಮದುವೆಯ ಫೋಟೋದಲ್ಲಿ ನಮ್ಮದೂ ಬಾಸಿಂಗವೇ. ಮಹಾಬಳೇಶ್ವರದಲ್ಲಿ ಅವರಿಲ್ಲ, ಅಜಂತಾದಲ್ಲಿ ಇಲ್ಲ, ಪ್ರತಾಪಗಡದಲ್ಲಿ ಇಲ್ಲ. ಇರುವುದು ಒಂದು ನೆರಳು. ಸೂರ್ಯ ಬೆನ್ನಿಗಿರಬೇಕಲ್ಲ, ಹಾಗಾಗಿ ಸಂಜೆಯ ಪ್ರತಿ ಫೋಟೋದ ಕೆಳಗಡೆ ನೆಲದ ಮೇಲೆ ಎರಡೂ ಮೊಣಕೈ ಎತ್ತಿದ ಉದ್ದನೆಯ ನೆರಳು ಬಿದ್ದಿದೆ. ನಾಳೆ ಏನಾದರೂ ಆದರೆ ಆ ನೆರಳಿಗೆ ಕಟ್ಟು ಹಾಕಿಸಿ ವಿಭೂತಿ ಹಚ್ಚಬೇಕು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ.

ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ರೀ, ನಿಮ್ಮದೊಂದು ಫೋಟೋ ತೆಗೀತೀನಿ. ಕ್ಯಾಮೆರಾ ಕೊಡ್ರಿ."

"ನಿನಗ ಬರೂದಿಲ್ಲ."

"ಗುಂಡಿ ಒತ್ತೂದು ಬರ್ತದ."

"ಕಾಲು ಕತ್ತರಸ್ತಿ," ಎಂದರು.

ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡು ಬನ್ನಿ ಅಂದೆ. "ನನಗೇನಾಗೇದ ಈಗ?" ಎಂದರು. ಗೌರಾಬಾಯಿ ಅಂದದ್ದನ್ನು ಇದ್ದದ್ದು ಇದ್ದ ಹಾಗೇ ಹೇಳಿದೆ. ಅವರು ಚಹಾ ಬಸಿಗೆ ಸುರಿದುಕೊಂಡು, ಕುಡಿಯದೆ, ಆರುವ ತನಕ ಅದನ್ನೇ ನೋಡುತ್ತ ಕೂತರು. ಆದರೂ ಕ್ಯಾಮೆರಾ ಕೊಡಲಿಲ್ಲ. ಕಪಾಟಿನ ಮೇಲಿನ ಖಾನೆಯಲ್ಲಿಟ್ಟು, ಮೇಲೆ ಒಂದು ಟವೆಲ್ ಹೊದಿಸಿದರು. ಗಂಡನ ಮುಖ ನನಗೆ ದಿನಾ ಕಾಣುತ್ತಿತ್ತು. ಅದು ಎಲ್ಲೂ ಉಳಿದಿಲ್ಲವಲ್ಲ ಎಂದು ದಿನಾ ಉರಿಯುತ್ತಿತ್ತು.

ಆ ವರ್ಷದ ಪ್ರವಾಸ ಹತ್ತಿರದಲ್ಲೇ, ಸಿಂಹಗಡಕ್ಕೆ ಎಂದಾಯಿತು. ಚಳಿಗಾಲ. ಗೌರಾಬಾಯಿ ಬರುವುದಿಲ್ಲ ಅಂದವರು ಕೊನೆಗೆ ಬಂದರು, ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಕೂತರು. ಮೇಲೆ ಹೋಗಿ, ಸುತ್ತಾಡಿ, ಗುಡಿಸಲಿನ ಮುಂದೆ ಕೂತು ಜುಣಕದಂಥ ಪಿಠಲಾ, ಭಾಕರಿ, ಮಡಕೆಯ ಮೊಸರು ತಿಂದದ್ದಾಯಿತು. ಇಳಿಬಿಸಿಲಿಗೆ ನಮ್ಮವರು ಎದ್ದು ಕ್ಯಾಮೆರಾ ಕೊರಳಿಗೆ ಹಾಕಿಕೊಂಡರು.

"ನಿಂದರ್ರಿ ಎಲ್ಲಾರೂ. ಬುರುಜು ಪೂರ್ತಿ ಬರಬೇಕು. ಮಾಂತು, ಬಾಯಾಗಿಂದು ನುಂಗು."

ನಿಂತೆವು. ಅವರು ಹಿಂದಕ್ಕೆ ನಡೆಯತೊಡಗಿದರು. ಅಷ್ಟರಲ್ಲಿ ಗೌರಾಬಾಯಿ ಸಾಲು ಬಿಟ್ಟು ನೇರ ಅವರ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ.

"ತಮ್ಮಾ," ಎಂದರು ಗೌರಾಬಾಯಿ. "ನಮ್ಮವರನ್ನ ಭಾಳ ದೂರದಿಂದ ತಗದಿ ನೀನು. ಅದಕ್ಕ ನಾ ಏನೂ ಅಂದಿಲ್ಲ, ಈಗೂ ಅನ್ನೂದಿಲ್ಲ. ಕ್ಯಾಮೆರಾ ಈಕಿ ಕೈಯಾಗ ಕೊಡು."

ನಮ್ಮವರ ಮುಖ ಇಳಿಯಿತು. ಹೆಂಡತಿಗೆ ಇಲ್ಲ ಅಂದ ಹಾಗೆ ಗೌರಾಬಾಯಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕೊರಳಿನ ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು, ನಾನೇ ಬಿಡಿಸಿದೆ. ಕ್ಯಾಮೆರಾ ಕೊಟ್ಟವರು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿ ಹಾಕಿ, ತೆಗೆದು, ಮತ್ತೆ ಹಾಕಿದರು.

ಅವರನ್ನು ಸುತ್ತುಹಾಕಿ, ಸೂರ್ಯ ನನ್ನ ಬೆನ್ನಿಗೆ ಬರುವಂತೆ ನಿಂತು, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟೆ. ಗಂಡ ಪಾದ ಸಹಿತ ಕಂಡರು. ನನಗೆ ಪಾದ ಬೇಕಾಗಿರಲಿಲ್ಲ, ಒಂದು ಹೆಜ್ಜೆ ಮುಂದೆ ಹೋದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮತ್ತೆ ಮುಂದೆ ಹೋದೆ. ಅವರು ಮತ್ತೆ ಹಿಂದೆ.

"ನಿಂದರ್ರಿ ಅಲ್ಲೇ."

"ನೀ ಹಿಂದ ಸರಿ. ಕಾಲು ಹೋಗ್ತಾವ."

"ಹೋಗ್ಲಿ ಬಿಡ್ರಿ."

ಹೀಗೇ ನಾವಿಬ್ಬರೂ ಆ ಬಯಲನ್ನು ಅರ್ಧ ದಾಟಿದೆವು. ಮಂಡಳಿಯವರು ಸಾಲು ಕೆಡದಂತೆ ಸುಮ್ಮನೆ ನಿಂತು ನೋಡುತ್ತಿದ್ದರು. ಸಾಲು ಬಿಡಲು ಅವರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಪಿಠಲಾ ಮಾರುವವಳ ಗುಡಿಸಲಿನ ಬಿದಿರು ಗಳ ಇವರ ಬೆನ್ನಿಗೆ ತಾಗಿತು. "ಕಾಕಾ, ಚುಲೀತ ಪಡಾಲ," ಒಲೆಯಲ್ಲಿ ಬೀಳುತ್ತೀರಿ ಎಂದು ಆಕೆ ರೊಟ್ಟಿ ಬಡಿಯುತ್ತಲೇ ಮರಾಠಿಯಲ್ಲಿ ಎಚ್ಚರಿಸಿದಳು. ಹಿಂದೆ ಒಲೆ, ಮುಂದೆ ನಾನು. ಇನ್ನು ಹೋಗಲು ಅವರಿಗೆ ಜಾಗವಿರಲಿಲ್ಲ.

ಹತ್ತಿರ ಹೋದೆ. ಕಿಂಡಿಯ ತುಂಬ ಮುಖ ಬಂತು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ಎಡಹುಬ್ಬಿನಲ್ಲಿ ಎರಡು ಬಿಳಿ ಕೂದಲು. ಅವು ಯಾವಾಗ ಬಂದವೋ. ಏನೋ ಹೇಳಲು ಬಾಯಿ ತೆರೆದರು, ಹಲ್ಲು ಕಂಡವು. ಒತ್ತಿಬಿಟ್ಟೆ.

ಪ್ರಿಂಟು ತರಲು ನಮ್ಮವರೇ ಹೋದರು. ಬಂದವರು ಲಕೋಟೆಯನ್ನು ಮೇಜಿನ ಮೇಲೆ ಇಟ್ಟರು. ಫೋಟೋದಲ್ಲಿ ಪಾದವಿರಲಿಲ್ಲ, ಸೊಂಟವಿರಲಿಲ್ಲ, ಎಡಗಿವಿ ಅರ್ಧ ಹೋಗಿತ್ತು. ಎದೆಯ ಮೇಲೆ ಬಿಳಿ ಅಂಗಿಯಲ್ಲಿ ಎರಡೂ ಮೊಣಕೈ ಎತ್ತಿದ ಒಂದು ನೆರಳು, ನನ್ನದು. ಮೇಲೆ ಅವರ ಮುಖ. ನನ್ನ ಗಂಡನ ಮುಖ, ಹಲ್ಲು ಸಹಿತ. ಅದನ್ನು ನೋಡಿದಾಗ ದಸರೆಯಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿಯಿತು. ಸುಳ್ಳೇಕೆ ಹೇಳಲಿ, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಕೆಟ್ಟದ," ಎಂದರು ಅವರು. "ನಾ ಹೇಳಿದ್ದೆ."

ಅವರನ್ನೂ ಕರೆದುಕೊಂಡು ಗೌರಾಬಾಯಿಯವರ ಮನೆಗೆ ಹೋದೆ. ಗೌರಾಬಾಯಿ ಫೋಟೋ ತೆಗೆದುಕೊಂಡು ಬಾಗಿಲ ಬೆಳಕಿಗೆ ಕೂತರು. ನಮ್ಮವರೇ ಶುರು ಮಾಡಿದರು. "ಪಾದ ಬಂದಿಲ್ರಿ. ಕಿವಿನೂ ಹೋಗೇದ. ಅದರ ಮ್ಯಾಲ ಈಕಿ ನೆರಳು ಬ್ಯಾರೆ."

ಗೌರಾಬಾಯಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಗೋಡೆಯ ಮೇಲೆ ಬ್ಯಾಂಕ್ ಮ್ಯಾನೇಜರರು ಹೊಸ ಹಾರ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು.

"ಕಣ್ಣು ಮುಚ್ಚಿದ್ರೂ ನೀನ ಬರ್ತಿ ನೋಡು ತಮ್ಮಾ, ಬ್ಯಾರೆ ಯಾರೂ ಅಲ್ಲ," ಎಂದರು ಗೌರಾಬಾಯಿ.

ನಮ್ಮವರು ಪಾದದ ಮಾತನ್ನು ಅಲ್ಲಿಗೇ ಬಿಟ್ಟರು.